ದಿಮ್ಮಿಗೆ ಪಾಸಿದೆ, ಕೊಯ್ದವನಿಗಿಲ್ಲ: ಗೋವಾ ಸರ್ಕಾರಕ್ಕೆ ಒಂದು ಬಹಿರಂಗ ಪತ್ರ

ಗೋವಾ ರಾಜ್ಯದ ಮಾನ್ಯ ಮುಖ್ಯಮಂತ್ರಿಗಳಿಗೆ, ಮಾನ್ಯ ಅರಣ್ಯ ಸಚಿವರಿಗೆ ಮತ್ತು ಮಾನ್ಯ ಕಾರ್ಮಿಕ ಸಚಿವರಿಗೆ,

ನಾನು ಫೋಂಡಾ ತಾಲೂಕಿನ ಒಂದು ಸಾಮಿಲ್ಲಿನಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ದಿಮ್ಮಿಗಳ ಅಳತೆ ಬರೆದ ಗುಮಾಸ್ತ. ಹುಟ್ಟಿದ್ದು ಘಟ್ಟದ ಮೇಲೆ, ದಾಂಡೇಲಿಯ ಹತ್ತಿರ. ಈ ಪತ್ರದ ಮರಾಠಿ ಪ್ರತಿಯನ್ನು ಪರ್ವರಿಯ ಸಚಿವಾಲಯದ ಆವಕ ವಿಭಾಗಕ್ಕೆ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡಿದ್ದೇನೆ. ಅದನ್ನೇ ಕನ್ನಡದಲ್ಲಿ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ: ಯಾರ ಪರವಾಗಿ ಬರೆಯುತ್ತಿದ್ದೇನೆಯೋ ಅವರಲ್ಲಿ ಹೆಚ್ಚಿನವರು ತಾವೇ ಓದಬಲ್ಲ, ಇಲ್ಲವೇ ಮಕ್ಕಳಿಂದ ಓದಿಸಿ ಕೇಳಬಲ್ಲ ಭಾಷೆ ಇದು. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಮೊದಲು ತಿದ್ದಬೇಕಾದವರು ಅವರು.

ನಾನು ಹೇಳಹೊರಟಿರುವುದು ಬಡಗಿಗಳ ವಿಷಯವಲ್ಲ, ಬಡಗಿಗಿಂತ ಮೊದಲು ಮರವನ್ನು ಮುಟ್ಟುವವರ ವಿಷಯ. ಕಸುಬು ಕುಸಿದು ಕೆಲಸ ಕಳೆದುಕೊಳ್ಳುತ್ತಿರುವ ಇವರಿಗೆ ಸರ್ಕಾರದ ನೆರವು ಕೇಳಲು ಈ ಪತ್ರ. ಖಾಸಗಿ ತೋಟದಲ್ಲಿ ಪರವಾನಗಿ ಸಿಕ್ಕ ಮರವನ್ನು ಬೀಳಿಸುವವರು, ರೆಂಬೆ ಸವರಿ ದಿಮ್ಮಿ ತುಂಡರಿಸುವವರು, ಇಳಿಜಾರಿನಿಂದ ರಸ್ತೆಯವರೆಗೆ ಎಳೆದು ಲಾರಿಗೆ ಏರಿಸುವವರು, ಸಾಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವವರು, ಮಳೆ ಬೀಳುತ್ತಲೇ ನೆಡುತೋಪುಗಳಲ್ಲಿ ಗುಂಡಿ ತೋಡಿ ಸಸಿ ಊರುವವರು, ಜನವರಿಯಲ್ಲಿ ಕಾಡಿನ ಬೆಂಕಿ ಹರಡದಂತೆ ನೆಲ ಸವರಿ ಬೆಂಕಿ ರೇಖೆ ಬಿಡಿಸುವವರು. ಹಲವು ಸಲ ಇವರೆಲ್ಲ ಒಬ್ಬರೇ ಆಗಿರುತ್ತಾರೆ, ತಿಂಗಳು ಬದಲಾದಂತೆ ಕೆಲಸ ಬದಲಾಗುತ್ತದೆ ಅಷ್ಟೆ. ಇವರನ್ನು ಹಳಿಯಾಳ, ಕಲಘಟಗಿ, ಖಾನಾಪುರ, ಜೋಯಿಡಾ ಕಡೆಗಳಿಂದ, ಈಚೆಗೆ ಒಡಿಶಾ ಜಾರ್ಖಂಡಗಳಿಂದಲೂ ಕರೆತಂದು ಏಳೆಂಟು ಜನರ ತಂಡ ಕಟ್ಟುವವರು ಸಣ್ಣ ಗುತ್ತಿಗೆದಾರರು. ನಮ್ಮ ಕಡೆ ಅವರನ್ನು ಮುಕಾದಮರು ಎನ್ನುತ್ತೇವೆ. ಮುಕಾದಮ ಎಂದೊಡನೆ ಕೊರಳಲ್ಲಿ ಚಿನ್ನದ ಸರ ಹಾಕಿಕೊಂಡ ಮನುಷ್ಯ ನಿಮ್ಮ ಕಣ್ಣಿಗೆ ಬರಬಹುದು. ನಾನು ಕಂಡವರಲ್ಲಿ ಬಹುಪಾಲಿನವರು ಹತ್ತು ವರ್ಷ ತಾವೇ ಗರಗಸ ಎಳೆದು, ಆಮೇಲೆ ಸಾಲದಲ್ಲಿ ಒಂದು ಯಂತ್ರ ಗರಗಸವನ್ನೂ ಒಂದು ಪಿಕಪ್ ಗಾಡಿಯನ್ನೂ ಕೊಂಡವರು.

ನಮ್ಮ ಕಸುಬು ಕುಸಿಯುತ್ತಿರುವುದು ಒಂದೇ ದಿನದಲ್ಲಿ ಆದದ್ದಲ್ಲ, ಆದ್ದರಿಂದಲೇ ಯಾರ ಕಣ್ಣಿಗೂ ಬೀಳಲಿಲ್ಲ. ಸರ್ವೋಚ್ಚ ನ್ಯಾಯಾಲಯವು ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದ ನಂತರ ದೇಶದ ಸಾಮಿಲ್ಲುಗಳ ಕಾಲ ಬದಲಾಯಿತು. ಕಾಡಿನ ಮರ ಮಿಲ್ಲಿಗೆ ಬರುವ ದಾರಿ ಕಿರಿದಾಯಿತು, ಹೊಸ ಪರವಾನಗಿಗಳು ಹೆಚ್ಚುಕಡಿಮೆ ನಿಂತವು. ಅದರ ಮೇಲೆ 2014ರ ಏಪ್ರಿಲ್‌ನಲ್ಲಿ ಮ್ಯಾನ್ಮಾರ್ ದೇಶವು ದಿಮ್ಮಿ ರಫ್ತನ್ನು ನಿಷೇಧಿಸಿದಾಗ, ಬರ್ಮಾ ಸಾಗುವಾನಿಯನ್ನು ನಂಬಿದ್ದ ಕರಾವಳಿಯ ವ್ಯಾಪಾರವೂ ತಗ್ಗಿತು. ಆದರೆ ಇವೆರಡಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಅಭಿರುಚಿ. ನಾನು ಕೆಲಸಕ್ಕೆ ಸೇರಿದಾಗ ಗೋವಾದಲ್ಲಿ ಮನೆ ಕಟ್ಟುವವರು ಮತ್ತಿ, ಕಿಂದಳ, ಹಲಸು, ಸಾಗುವಾನಿ ಎಂದು ಮರದ ಹೆಸರು ಹಿಡಿದು ಕೇಳುತ್ತಿದ್ದರು. ಈಗ ಕಿಟಕಿ ಅಲ್ಯೂಮಿನಿಯಮ್ಮಿನದು ಅಥವಾ ಪ್ಲಾಸ್ಟಿಕ್ಕಿನದು, ಬಾಗಿಲಿನ ಚೌಕಟ್ಟು ಗ್ರಾನೈಟಿನದು, ಕಪಾಟು ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯದು. ಮೀನುಗಾರರ ದೋಣಿ ಫೈಬರಿನದು. ವೆರ್ನಾದ ಔಷಧ ಕಾರ್ಖಾನೆಗಳಿಗೆ ಸರಕು ಪೇರಿಸಿಡುವ ಮರದ ಪ್ಯಾಲೆಟ್ ಹೊಡೆದು ಕೊಡುವುದು ನಮ್ಮಂಥ ಮಿಲ್ಲುಗಳಿಗೆ ಸ್ವಲ್ಪ ಕಾಲ ಆಸರೆಯಾಗಿತ್ತು. ಅಲ್ಲಿಗೂ ಪ್ಲಾಸ್ಟಿಕ್ ಬಂತು. ನಾನಿದ್ದ ಮಿಲ್ಲಿನಲ್ಲಿ ಮೂರು ಗರಗಸಗಳಿವೆ, ಓಡುತ್ತಿರುವುದು ಒಂದು, ಅದೂ ವಾರದಲ್ಲಿ ಮೂರು ದಿನ. ಹಿಂದೆ ದಸರಾ ಮುಗಿಸಿ ಇಳಿದು ಬಂದ ತಂಡಗಳು ಮೃಗಶಿರಾ ಮಳೆ ಬೀಳುವವರೆಗೆ ನಿಲ್ಲುತ್ತಿದ್ದವು. ಕಳೆದ ವರ್ಷ ನನಗೆ ಪರಿಚಯದ ಎರಡು ತಂಡಗಳು ಸಂಕ್ರಾಂತಿಗೆ ಮೊದಲೇ ಗಂಟುಮೂಟೆ ಕಟ್ಟಿದವು.

ಕಾಡು ಉಳಿಯಲಿ ಎನ್ನುವುದಕ್ಕೆ ನನ್ನ ವಿರೋಧವಿಲ್ಲ. ಇದನ್ನು ಶಿಷ್ಟಾಚಾರಕ್ಕೆ ಹೇಳುತ್ತಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತದ್ದನ್ನು ಕನ್ನಡಿಗರು ಅಭಿಮಾನದಿಂದ ನೆನೆಯುತ್ತಾರೆ. ಆ ಕಾಲದಲ್ಲಿ ನನ್ನ ತಂದೆ ಅದೇ ಜಿಲ್ಲೆಯ ಕೂಪುಗಳಲ್ಲಿ, ಅಂದರೆ ಕಡಿತಕ್ಕೆಂದು ಗುರುತಿಸಿದ ಕಾಡಿನ ಭಾಗಗಳಲ್ಲಿ, ಕೊಡಲಿ ಹಿಡಿದವರು, ಅಂದರೆ ಕಥೆಯಲ್ಲಿ ಎದುರು ಬದಿಯವರು. ಅಪ್ಪಿಕೊಂಡವರದೇ ಸರಿ ಎಂದು ಅವರು ಮುದಿತನದಲ್ಲಿ ಒಪ್ಪಿಕೊಂಡಿದ್ದರು. ಘಟ್ಟದ ಹಳ್ಳಗಳು ಬೇಸಿಗೆಯಲ್ಲಿ ಬತ್ತಿದ್ದನ್ನು ಅವರೂ ಕಂಡಿದ್ದರು. ಆದರೆ ಕಡಿಯುವುದು ಕಡಿಮೆಯಾದಾಗ ಕಾಡಿನ ಲೆಕ್ಕ ಬರೆದವರು ಬಹಳ ಜನ, ಕೊಡಲಿ ಕೆಳಗಿಟ್ಟವರ ಲೆಕ್ಕ ಬರೆದವರು ಯಾರೂ ಇರಲಿಲ್ಲ. ಕೆಲವರು ದಾಂಡೇಲಿಯ ಕಾಗದದ ಕಾರ್ಖಾನೆಯ ಬಿದಿರು ಹೊತ್ತರು, ಕೆಲವರು ಕ್ಯಾಸಲ್‌ರಾಕ್ ದಾಟಿ ಕುಳೆಯಲ್ಲಿ ರೈಲಿಳಿದು ಗೋವಾದ ತೋಟಗಳಿಗೆ ಬಂದರು. ನಮ್ಮ ಮನೆ ಎರಡನೆಯ ಗುಂಪಿನದು. ಇಲ್ಲಿ ನಮ್ಮನ್ನು 'ಘಾಟಿ', ಅಂದರೆ ಘಟ್ಟದ ಕಡೆಯವರು, ಎಂದು ತಾತ್ಸಾರದಿಂದ ಕರೆದರು. ಆ ಮಾತಿನ ಬಿಸಿ ಈಗ ಆರಿದೆ, ಆ ಲೆಕ್ಕ ಮಾತ್ರ ಹಾಗೆಯೇ ಬಾಕಿ ಉಳಿದಿದೆ.

ಕೂಲಿಯ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಅದು ನನ್ನ ಕೈಯಿಂದಲೇ ನಡೆದದ್ದು. ಗುಂಡು ದಿಮ್ಮಿಯ ಘನ ಅಡಿ ಕಟ್ಟಲು ನಾವು ಅದರ ಸುತ್ತಳತೆಯ ನಾಲ್ಕನೆಯ ಒಂದು ಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುತ್ತೇವೆ. ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ಗಣಿತ ಬಲ್ಲವರು ಮಾಡಿ ನೋಡಲಿ: ನಿಜವಾಗಿ ನೂರು ಘನ ಅಡಿ ಇರುವ ಮರ ಈ ಲೆಕ್ಕದಲ್ಲಿ ಎಪ್ಪತ್ತೆಂಟೂವರೆ ಅಡಿಯಷ್ಟೇ ಆಗುತ್ತದೆ. ಉಳಿದದ್ದು ಗರಗಸದ ಹೊಟ್ಟು, ತೊಗಟೆ, ಅಂಚಿನ ತುಂಡು ಎಂದು ಬಿಟ್ಟುಕೊಡುವುದು ವ್ಯಾಪಾರದ ರೂಢಿ. ಕೊಳ್ಳುವವನಿಗೂ ಮಾರುವವನಿಗೂ ಇದರಿಂದ ಅನ್ಯಾಯವಿಲ್ಲ, ದರವನ್ನೇ ಅದಕ್ಕೆ ತಕ್ಕಂತೆ ಕಟ್ಟಿರುತ್ತಾರೆ. ಆದರೆ ಘನ ಅಡಿಗೆ ಇಷ್ಟು ಎಂದು ಕೂಲಿ ಪಡೆಯುವವನು ಬೀಳಿಸುವುದು ಪೂರ್ತಿ ಮರವನ್ನು, ಹೊರುವುದೂ ಪೂರ್ತಿ ಮರವನ್ನು. ಒಳ್ಳೆಯ ಕಾಲದಲ್ಲಿ ಮುಕಾದಮರು ದರದಲ್ಲಿ ಇದನ್ನು ಸರಿದೂಗಿಸಿ ಕೊಡುತ್ತಿದ್ದರು. ಕೆಲಸ ಕಡಿಮೆಯಾಗಿ ತಂಡತಂಡಗಳ ನಡುವೆ ಪೈಪೋಟಿ ಹತ್ತಿದ ಮೇಲೆ ಆ ಸರಿದೂಗಿಸುವಿಕೆ ಮೊದಲು ಮಾಯವಾಯಿತು. ನಾನು ಅಳತೆ ಬರೆದುಕೊಟ್ಟೆ, ಬಾಯಿ ಬಿಡಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಉದ್ಯಮವೊಂದು ಕುಸಿದಾಗ ನೆರವಾಗುವುದು ಗೋವಾ ಸರ್ಕಾರಕ್ಕೆ ಹೊಸದಲ್ಲ. ಅಕ್ರಮ ಗಣಿಗಾರಿಕೆಯ ತನಿಖೆ ನಡೆಸಿದ ಷಾ ಆಯೋಗದ ವರದಿಯ ಬೆನ್ನಿಗೇ 2012ರ ಸೆಪ್ಟೆಂಬರಿನಲ್ಲಿ ಗಣಿಗಾರಿಕೆ ನಿಂತಾಗ ಟ್ರಕ್ಕು ಮತ್ತು ಬಾರ್ಜುಗಳ ಮಾಲೀಕರಿಗೆ ಸರ್ಕಾರ ಪರಿಹಾರ ಕೊಟ್ಟಿತು. ಗಣಿ ನಂಬಿ ಸಾಲ ಮಾಡಿದವರಿಗಾಗಿ 2014ರಲ್ಲಿ ಸಾಲ ಪರಿಹಾರ ಯೋಜನೆಯನ್ನೂ ತಂದಿತು. ಅದು ಸರಿಯಾದ ಕೆಲಸವೇ ಆಗಿತ್ತು. ನ್ಯಾಯಾಲಯದ ತೀರ್ಪಿನಿಂದ 2018ರ ಮಾರ್ಚಿನಲ್ಲಿ ಗಣಿಗಳು ಮತ್ತೊಮ್ಮೆ ನಿಂತಾಗ ನೆರವು ಕೇಳಲು ಪಣಜಿಯ ಬೀದಿಗಿಳಿಯುವಷ್ಟು ಸಂಘಟನೆಯೂ ಆ ಜನರಲ್ಲಿತ್ತು. ಆ ನೆರವು ಹೇಗೆ ಸಾಧ್ಯವಾಯಿತೆಂಬುದನ್ನು ಗಮನಿಸಬೇಕು. ಟ್ರಕ್ಕಿಗೆ ನೋಂದಣಿ ಪುಸ್ತಕವಿತ್ತು, ಬಾರ್ಜಿಗೆ ಪರವಾನಗಿ ಇತ್ತು, ಸಾಲಕ್ಕೆ ಬ್ಯಾಂಕಿನ ಖಾತೆಯಿತ್ತು. ಸರ್ಕಾರ ಆ ಕಾಗದಗಳನ್ನು ಹಿಡಿದು ಮನುಷ್ಯರನ್ನು ತಲುಪಿತು. ಅದೇ ಅದಿರಿನ ಧೂಳಿನಲ್ಲಿ ಸಲಿಕೆ ಹಿಡಿದಿದ್ದ ನನ್ನ ಊರಿನ ಇಬ್ಬರು ಮಾತ್ರ ಯಾವ ಕಾಗದವೂ ಇಲ್ಲದೆ ಬಸ್ಸು ಹತ್ತಿದರು.

ಮರದ ಕೆಲಸದಲ್ಲಿ ಕಾಗದ ಕಡಿಮೆಯೇನಿಲ್ಲ. ಗೋವಾದಲ್ಲಿ ಒಂದು ಮರ ಕಡಿಯಬೇಕಾದರೆ 1984ರ ವೃಕ್ಷ ಸಂರಕ್ಷಣಾ ಕಾಯ್ದೆಯ ಕೆಳಗೆ ಅರ್ಜಿ ಹಾಕಬೇಕು, ವನಪಾಲಕರು ಬಂದು ನೋಡಬೇಕು. (ತೆಂಗಿನ ಮರವನ್ನು 2016ರಲ್ಲಿ ಆ ಕಾಯ್ದೆಯಿಂದ ಹೊರಗಿಟ್ಟು ಮರುವರ್ಷವೇ ಒಳಗೆ ಸೇರಿಸಿದ್ದು ಎಲ್ಲರಿಗೂ ನೆನಪಿರಬಹುದು, ಆ ಒಂದು ಮರದ ಹೆಸರಿಗಾಗಿ ವಿಧಾನಸಭೆಯಲ್ಲಿ ನಡೆದ ಚರ್ಚೆಯ ಹತ್ತರಲ್ಲೊಂದು ಪಾಲು ಕಡಿಯುವವರ ಬಗ್ಗೆ ನಡೆದಿದ್ದರೆ ಈ ಪತ್ರ ಬೇಕಾಗುತ್ತಿರಲಿಲ್ಲ.) ಕಡಿದ ದಿಮ್ಮಿಗೆ ಮುದ್ರೆ, ಸಾಗಿಸಲು ಪಾಸು, ಮಿಲ್ಲಿನಲ್ಲಿ ಒಳಬಂದದ್ದರ ವಹಿ, ಹೊರಹೋದದ್ದರ ವಹಿ. 2023ರ ಡಿಸೆಂಬರಿನಿಂದ ದಿಮ್ಮಿಯೊಂದು ದೇಶದ ಈ ತುದಿಯಿಂದ ಆ ತುದಿಗೆ ಹೋಗಲು ಒಂದೇ ರಾಷ್ಟ್ರೀಯ ಪಾಸಿನ ವ್ಯವಸ್ಥೆಯೂ ಬಂದಿದೆ. ಆ ಎಲ್ಲ ಕಾಗದಗಳಲ್ಲಿ ತೋಟದ ಒಡೆಯನ ಹೆಸರಿದೆ, ವ್ಯಾಪಾರಿಯ ಹೆಸರಿದೆ, ಲಾರಿಯ ನಂಬರಿದೆ, ಮರದ ಜಾತಿಯಿದೆ. ಕೊಯ್ದವನ ಹೆಸರು ಬರೆಯಲು ಒಂದು ಕಾಲಮ್ ಕೂಡ ಇಲ್ಲ.

ಕಾರ್ಮಿಕ ಕಾನೂನಿನಲ್ಲಿ ಅವನ ಹೆಸರು ಸಿಗಬೇಕಲ್ಲ ಎಂದು ನೀವು ಕೇಳಬಹುದು. ನಾನೂ ಹುಡುಕಿದೆ. ನಮ್ಮ ತಂಡ ಎಂದರೆ ಏಳು ಜನ, ಹೆಚ್ಚೆಂದರೆ ಎಂಟು. ಮರ ಬೀಳಿಸುವ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಕೈಗಳು ಬೇಕಿಲ್ಲ, ಹೆಚ್ಚಾದರೆ ಅಪಾಯ. ಕಾರ್ಮಿಕರ ಚಿಕಿತ್ಸೆಯ ಇಎಸ್ಐ ವಿಮೆ ಹತ್ತು ಜನರಿಂದ ಶುರುವಾಗುತ್ತದೆ, ಭವಿಷ್ಯನಿಧಿ ಇಪ್ಪತ್ತರಿಂದ. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆ ಐದು ಜನರಿದ್ದರೂ ಅನ್ವಯಿಸುತ್ತಿತ್ತು, ಅದು ನಮಗೆ ತಾಕುವಂತಿದ್ದ ಕಾಯ್ದೆ. ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಐದು ಹತ್ತಾಯಿತು. ಗುತ್ತಿಗೆದಾರ ಪರವಾನಗಿ ಪಡೆಯಬೇಕಾದ ಸಂಖ್ಯೆ ಇಪ್ಪತ್ತಿದ್ದದ್ದು ಐವತ್ತಾಯಿತು. ಅಂದರೆ ಕಾನೂನಿನ ಪ್ರತಿಯೊಂದು ಹೊಸ್ತಿಲೂ ನಮ್ಮ ತಂಡಕ್ಕಿಂತ ಒಂದು ಗೇಣು ಎತ್ತರದಲ್ಲಿದೆ. ಯಾರೂ ಮೋಸ ಮಾಡದೆಯೂ, ಯಾವ ಅಧಿಕಾರಿಯೂ ಕಣ್ಣು ಮುಚ್ಚದೆಯೂ, ಈ ಜನ ಲೆಕ್ಕದ ಹೊರಗೆ ಉಳಿದುಹೋಗುತ್ತಾರೆ. 2023ರ ವಿಶ್ವಕರ್ಮ ಜಯಂತಿಯಂದು ಕೇಂದ್ರ ಸರ್ಕಾರ ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಕಸುಬುಗಳಿವೆ. ಬಡಗಿ ಇದ್ದಾನೆ, ದೋಣಿ ಕಟ್ಟುವವನಿದ್ದಾನೆ, ಬುಟ್ಟಿ ಹೆಣೆಯುವವಳಿದ್ದಾಳೆ. ಮರ ಕೊಯ್ಯುವವನಿಲ್ಲ.

ವಿಚಿತ್ರವೆಂದರೆ, ಬ್ರಿಟಿಷರ ಕಾಲದ ಸರ್ಕಾರಕ್ಕೆ ಇವರು ಕಾಣಿಸಿದ್ದರು. 1923ರ ಕಾರ್ಮಿಕರ ನಷ್ಟ ಪರಿಹಾರ ಕಾಯ್ದೆಯ ಎರಡನೆಯ ಅನುಬಂಧದಲ್ಲಿ ತಾಳೆ ಮರದ ರಸ ಇಳಿಸುವವರು, ಮರ ಕಡಿಯುವವರು, ಒಳನಾಡಿನ ನೀರಿನಲ್ಲಿ ನಾಟಾ ಸಾಗಿಸುವವರು, ಕಾಡಿನ ಬೆಂಕಿ ಆರಿಸುವವರು ಎಂದು ಒಂದೇ ಸಾಲಿನಲ್ಲಿ ಹೆಸರಿಸಿದ್ದರು. ಇಲ್ಲಿ ತಂಡದಲ್ಲಿ ಇಷ್ಟು ಜನರಿರಬೇಕೆಂಬ ಹೊಸ್ತಿಲೂ ಇರಲಿಲ್ಲ. ಆದರೆ ಹಕ್ಕು ಸಾಧಿಸಲು ತಾನು ಅಲ್ಲಿ ದುಡಿದಿದ್ದೆ ಎಂದು ತೋರಿಸಬೇಕು. ಹನ್ನೆರಡು ವರ್ಷಗಳ ಹಿಂದೆ ಹಲಸಿನ ಮರವೊಂದು ಬೀಳುವಾಗ ತಿರುಗಿ ನಮ್ಮ ತಂಡದವನೊಬ್ಬನ ಸೊಂಟ ಮುರಿಯಿತು. ತೋಟದವರು ಮುಕಾದಮನನ್ನು ತೋರಿಸಿದರು, ಮುಕಾದಮ ಮಿಲ್ಲನ್ನು ತೋರಿಸಿದ, ಮಿಲ್ಲಿನವರು ಆ ದಿಮ್ಮಿ ಇನ್ನೂ ತಮ್ಮ ವಹಿಗೆ ಬಂದಿರಲಿಲ್ಲ ಎಂದರು. ವಹಿ ನನ್ನ ಮುಂದೆಯೇ ಇತ್ತು, ಬಂದಿರಲಿಲ್ಲ ಎಂಬುದು ನಿಜವೇ ಆಗಿತ್ತು. ಆ ಮನುಷ್ಯ ಈಗ ಊರಿನಲ್ಲಿ ಕುಳಿತು ಹಗ್ಗ ಹೊಸೆಯುತ್ತಾನೆ.

ನಮ್ಮ ರಾಜ್ಯದ ಕಲ್ಯಾಣ ಯೋಜನೆಗಳ ವಾಸದ ಷರತ್ತು ಇನ್ನೊಂದು ಗೋಡೆ. ವೃದ್ಧರು, ವಿಧವೆಯರಂಥವರಿಗೆ ಪಿಂಚಣಿ ಕೊಡುವ ದಯಾನಂದ ಸಾಮಾಜಿಕ ಭದ್ರತಾ ಯೋಜನೆಯಿರಲಿ, ಗೃಹಿಣಿಯರಿಗೆ ಹಣ ಕೊಡುವ ಗೃಹ ಆಧಾರ್ ಇರಲಿ, ಹದಿನೈದು ವರ್ಷ ಗೋವಾದಲ್ಲಿ ವಾಸವಿದ್ದ ಪುರಾವೆ ಬೇಕು. ಸಣ್ಣ ರಾಜ್ಯ, ಸೀಮಿತ ಬೊಕ್ಕಸ. ಪಿಂಚಣಿಯಂಥ ಶಾಶ್ವತ ನೆರವಿಗೆ ಅಂಥ ನಿಯಮ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಇಪ್ಪತ್ತೆರಡು ಹಂಗಾಮು ಇಲ್ಲಿ ದುಡಿದು, ಪ್ರತಿ ಮಳೆಗಾಲ ಊರಿಗೆ ಹೋಗಿ ಗದ್ದೆ ನಾಟಿ ಮಾಡಿ ಬಂದವನು ಯಾವ ವರ್ಷವೂ ಇಲ್ಲಿನ ನಿವಾಸಿಯಾಗುವುದಿಲ್ಲ. ಬಾಡಿಗೆ ಕರಾರಿಲ್ಲ, ಮಲಗಿದ್ದು ಮಿಲ್ಲಿನ ಶೆಡ್ಡಿನಲ್ಲಿ ಅಥವಾ ತೋಟದ ಗುಡಿಸಿಲಿನಲ್ಲಿ. ಊರಿನಲ್ಲಿ ಕೇಳಿದರೆ ಅಲ್ಲಿಯೂ ಅವನು ಹೊರಗೆ ದುಡಿಯುವವನು. ಉದ್ಯಮದ ಕುಸಿತಕ್ಕೆ ಕೊಡುವ ನೆರವನ್ನು ವಾಸಕ್ಕೆ ಕಟ್ಟಬಾರದು, ದುಡಿಮೆಗೆ ಕಟ್ಟಬೇಕು ಎಂಬುದು ನನ್ನ ಮನವಿಯ ತಿರುಳು.

ಇದಕ್ಕೆ ಮಾದರಿಗಾಗಿ ದೂರ ಹೋಗಬೇಕಿಲ್ಲ. ನೆರೆಯ ಮಹಾರಾಷ್ಟ್ರವು 1969ರಲ್ಲಿ ಮಾಥಾಡಿ ಕಾಯ್ದೆಯನ್ನು ಮಾಡಿತು. ತಲೆಹೊರೆಯ ಕೂಲಿಗಳಿಗಾಗಿ ಹುಟ್ಟಿದ ಆ ಕಾಯ್ದೆಯ ಅನುಬಂಧದಲ್ಲಿ ಖೋಕಾ, ಅಂದರೆ ಮರದ ಪೆಟ್ಟಿಗೆ, ತಯಾರಿಕೆಗೂ ಟಿಂಬರ್ ಮಾರ್ಕೆಟ್ಟಿನ ಕೆಲಸಕ್ಕೂ ಜಾಗವಿದೆ. ಅದರ ಜಾಣತನ ಇಷ್ಟೇ: ಕೂಲಿಕಾರನ ನೋಂದಣಿ ಮಾಲೀಕನ ಬಳಿ ಅಲ್ಲ, ಮಂಡಳಿಯ ಬಳಿ. ಮಾಲೀಕ ಕೂಲಿಯನ್ನೂ ಅದರ ಮೇಲೊಂದಿಷ್ಟು ಲೆವಿಯನ್ನೂ (ಹೆಚ್ಚುವರಿ ವಂತಿಗೆ) ಮಂಡಳಿಗೆ ಕಟ್ಟುತ್ತಾನೆ. ಮಂಡಳಿ ಕೂಲಿಯನ್ನು ಹಂಚಿ, ಲೆವಿಯಿಂದ ಭವಿಷ್ಯನಿಧಿ, ರಜೆ, ಚಿಕಿತ್ಸೆ ಇವನ್ನು ನೋಡಿಕೊಳ್ಳುತ್ತದೆ. ಇಂದು ಒಬ್ಬನ ಬಳಿ, ನಾಳೆ ಇನ್ನೊಬ್ಬನ ಬಳಿ ದುಡಿದರೂ ಹೆಸರು ಒಂದೇ ಪುಸ್ತಕದಲ್ಲಿರುತ್ತದೆ. ತಂಡದಲ್ಲಿ ಏಳು ಜನರೋ ಎಪ್ಪತ್ತು ಜನರೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಆ ಮಂಡಳಿಗಳಲ್ಲಿಯೂ ರಾಜಕೀಯ ಹೊಕ್ಕಿದೆ, ಸುಲಿಗೆಯ ದೂರುಗಳಿವೆ; ಪುಣೆಯಲ್ಲಿರುವ ನನ್ನ ಭಾವಮೈದುನ ಅದನ್ನು ಗಂಟೆಗಟ್ಟಲೆ ವರ್ಣಿಸಬಲ್ಲ. ಆದರೂ 2020ರಲ್ಲಿ ಲಾಕ್‌ಡೌನ್ ಬಂದಾಗ ಪಟ್ಟಿಯಲ್ಲಿ ಹೆಸರಿದ್ದವರಿಗೂ ಇಲ್ಲದವರಿಗೂ ಇದ್ದ ವ್ಯತ್ಯಾಸವನ್ನು ಅವನೂ ಒಪ್ಪುತ್ತಾನೆ.

ಇನ್ನೂ ಹಳೆಯ ಮಾದರಿಯೊಂದಿದೆ. ಕಾರವಾರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಸ್ವಾತಂತ್ರ್ಯದ ಹೊತ್ತಿಗೆ, ಪ್ರಾಂತದ ಮುಖ್ಯಸ್ಥರಾಗಿದ್ದ ಬಿ.ಜಿ. ಖೇರ್ ಅವರ ಸರ್ಕಾರವು ಕೂಪುಗಳನ್ನು ದೊಡ್ಡ ಗುತ್ತಿಗೆದಾರರಿಗೆ ಹರಾಜು ಹಾಕುವ ಬದಲು ಕಾಡಿನ ಕೂಲಿಗಳ ಸಹಕಾರಿ ಸಂಘಗಳಿಗೆ ಕೊಡಲು ಆರಂಭಿಸಿತು. ಜಂಗಲ್ ಕಾಮಗಾರ್ ಸಂಘಗಳೆಂದು ಅವು ಹೆಸರಾದವು. ನಮ್ಮ ಮುಕಾದಮರನ್ನೂ ಅವರ ತಂಡಗಳನ್ನೂ ಕೂಡಿಸಿ ಅಂಥ ಸಂಘಗಳಾಗಿಸಿದರೆ, ಟೆಂಡರಿನಲ್ಲಿ ದೊಡ್ಡವರೊಂದಿಗೆ ಪೈಪೋಟಿಗೆ ಬಿಡದೆ ಸರ್ಕಾರ ನೇರವಾಗಿ ಕೆಲಸ ವಹಿಸಬಹುದು.

ಯಾವ ಕೆಲಸ? ಬೇಕಾದಷ್ಟಿದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಗೋವಾದ ಕರಾವಳಿಯ ಹತ್ತಿರ ಹಾದುಹೋಗಿ ಮನೆಗಳ ಮೇಲೆ, ವಿದ್ಯುತ್ ತಂತಿಗಳ ಮೇಲೆ ಮರಗಳು ಉರುಳಿದಾಗ ಅಗ್ನಿಶಾಮಕ ದಳದವರು ಹಗಲಿರುಳು ದುಡಿದರು, ಸಾಲಲಿಲ್ಲ. ಲಾಕ್‌ಡೌನಿನಿಂದಾಗಿ ಊರಿಗೆ ಹೋಗಲಾರದೆ ಇಲ್ಲೇ ಉಳಿದಿದ್ದ ನಮ್ಮ ಎರಡು ತಂಡಗಳನ್ನು ಜನ ಮನೆ ಮನೆಗೆ ಕರೆದೊಯ್ದರು. ಛಾವಣಿಯ ಮೇಲೆ ಒರಗಿದ ಮಾವಿನ ಮರವನ್ನು ಹೆಂಚು ಒಡೆಯದಂತೆ ಇಳಿಸುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. 2023ರ ಮಾರ್ಚಿನಲ್ಲಿ ಮಹದಾಯಿ ಅಭಯಾರಣ್ಯದಲ್ಲಿಯೂ ಸುತ್ತಲಿನ ಗುಡ್ಡಗಳಲ್ಲಿಯೂ ಬೆಂಕಿ ಹರಡಿದಾಗ ನೌಕಾಪಡೆ ಮತ್ತು ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ಅದರ ವೆಚ್ಚದ ಒಂದು ಸಣ್ಣ ಪಾಲು ಸಾಕಿತ್ತು, ಜನವರಿಯಲ್ಲಿಯೇ ತರಗೆಲೆ ಗುಡಿಸಿ ಬೆಂಕಿ ರೇಖೆ ಬಿಡಿಸಲು. ಬೆಂಕಿ ತಡೆಗೆ ಹಣವಿಲ್ಲ ಎನ್ನುವಂತಿಲ್ಲ. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯಂತೆ 2019ರ ಆಗಸ್ಟಿನಲ್ಲಿ ಕೇಂದ್ರವು ರಾಜ್ಯಗಳಿಗೆ ಹಂಚಿದ ನಲವತ್ತೇಳು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಹಣದಲ್ಲಿ ಗೋವಾದ ಪಾಲು ಸುಮಾರು 238 ಕೋಟಿ. ಕಾಡಿನ ಬೆಂಕಿ ತಡೆಗೆ ಆ ಹಣ ಬಳಸಲು ನಿಯಮಗಳಲ್ಲಿ ಅವಕಾಶವಿದೆ. ಆ ನಿಧಿಯ ಕಾಮಗಾರಿಗಳಲ್ಲಿ ಇಂತಿಷ್ಟು ಪಾಲು ಕೆಲಸವಿಲ್ಲದ ಮರಗೆಲಸದವರಿಗೆ ಎಂದು ನಿಗದಿಪಡಿಸಿದರೆ, ಹಳೆಯ ಅಕೇಶಿಯ ತೋಪುಗಳನ್ನು ತೆಗೆದು ಊರ ಮರಗಳನ್ನು ನೆಡುವ ಕೆಲಸವನ್ನೂ, ಮಳೆಗೆ ಮುನ್ನ ರಸ್ತೆಬದಿಯ ಅಪಾಯದ ಮರಗಳನ್ನು ಇಳಿಸುವುದನ್ನೂ ಅದರೊಂದಿಗೆ ಜೋಡಿಸಿದರೆ, ಹೊಸ ಬೊಕ್ಕಸ ಹುಡುಕದೆಯೇ ಅರ್ಧ ವರ್ಷದ ಕೂಲಿ ಹುಟ್ಟುತ್ತದೆ.

ಹೊರದೇಶಗಳಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಮೆರಿಕದ ವಾಯವ್ಯ ರಾಜ್ಯಗಳಲ್ಲಿ ಚುಕ್ಕೆ ಗೂಬೆಯನ್ನು ಉಳಿಸಲು ಸರ್ಕಾರಿ ಕಾಡುಗಳ ಕಡಿತವನ್ನು ಇಳಿಸಿದಾಗ, 1994ರ ಅರಣ್ಯ ಯೋಜನೆಯ ಜೊತೆಗೆ ಐದು ವರ್ಷಗಳಿಗೆ 120 ಕೋಟಿ ಡಾಲರಿನ ನೆರವನ್ನೂ ಘೋಷಿಸಿ, ಕೆಲಸ ಕಳೆದುಕೊಂಡ ಕೆಲವರನ್ನು ಹಳ್ಳ ತೊರೆಗಳ ದುರಸ್ತಿಗೆ ಹಚ್ಚಿದರು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು 2024ರ ಜನವರಿ 1ರಿಂದ ಸಹಜ ಕಾಡಿನ ನಾಟಾ ಕಡಿಯುವುದನ್ನು ನಿಲ್ಲಿಸಿದಾಗ ಕಾರ್ಮಿಕರಿಗೂ ಗುತ್ತಿಗೆದಾರರಿಗೂ ಬೇರೆ ಬೇರೆಯಾಗಿ ನೆರವು ಕೊಟ್ಟು, ಗುತ್ತಿಗೆದಾರರ ಯಂತ್ರಗಳನ್ನು ಬೆಂಕಿ ಮತ್ತು ಬಿರುಗಾಳಿಯ ಕೆಲಸಗಳಿಗೆ ಬಳಸಿಕೊಂಡಿತು. ಅವರು ಶ್ರೀಮಂತರು, ಹೋಲಿಕೆ ಬೇಡ ಎನ್ನಬಹುದು. ಹಣದ ಹೋಲಿಕೆ ಬೇಡವೇ ಬೇಡ. ಕಾರ್ಮಿಕನನ್ನೂ ಗುತ್ತಿಗೆದಾರನನ್ನೂ ಬೇರೆ ಬೇರೆಯಾಗಿ ಕಂಡದ್ದನ್ನಷ್ಟೇ ನಾನು ಎತ್ತಿ ಹೇಳುತ್ತಿರುವುದು.

ಏಕೆಂದರೆ ಇಬ್ಬರ ನೋವು ಒಂದೇ ಅಲ್ಲ. ಕೂಲಿಯವನಿಗೆ ಬೇಕಾದದ್ದು ಕೆಲಸವಿಲ್ಲದ ತಿಂಗಳುಗಳಲ್ಲಿ ಅವನದೇ ಖಾತೆಗೆ ಬೀಳುವ ಭತ್ಯೆ. ಅದನ್ನು ಮುಕಾದಮನ ಮೂಲಕವಾಗಲಿ ಮಿಲ್ಲಿನ ಮೂಲಕವಾಗಲಿ ಕೊಡಬೇಡಿ. ಅವರು ಕೆಟ್ಟವರೆಂದಲ್ಲ, ಹಿಂದೆ ಕೊಟ್ಟ ಮುಂಗಡಕ್ಕೆ ಅದನ್ನು ಮುರಿದುಕೊಳ್ಳದಿರುವಷ್ಟು ಅನುಕೂಲ ಈಗ ಯಾರಿಗೂ ಉಳಿದಿಲ್ಲ. ಮುಕಾದಮನಿಗೆ ಬೇಕಾದದ್ದು ಗಾಡಿಯ ಕಂತಿಗೆ ಕಾಲಾವಕಾಶ ಮತ್ತು ಬಾಕಿ ಬಿಲ್ಲು. ನನಗೆ ಗೊತ್ತಿರುವ ಒಬ್ಬ ಗುತ್ತಿಗೆದಾರ ಒಂದು ಸರ್ಕಾರಿ ಸಂಸ್ಥೆಯ ತೋಪಿನಲ್ಲಿ ಕಳೆ ತೆಗೆದು ಗುಂಡಿ ತೋಡಿದ ಹಣಕ್ಕಾಗಿ ಹದಿನಾಲ್ಕು ತಿಂಗಳು ಅಲೆದ. ಸಂಸ್ಥೆಯ ಹೆಸರು ಇಲ್ಲಿ ಬೇಡ, ಅಲ್ಲಿನ ಗುಮಾಸ್ತರೂ ನನ್ನಂಥವರೇ. ಕಿರು ಉದ್ಯಮಗಳ ಬಿಲ್ಲನ್ನು 45 ದಿನಗಳೊಳಗೆ ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಸೇರಿಸಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. ಆ ಬಡ್ಡಿಯನ್ನು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ, ಮುಂದಿನ ವರ್ಷದ ಕೆಲಸ ತಪ್ಪುತ್ತದೆ ಎಂಬ ಭಯ. ಅಸಲು ಮತ್ತು ಭದ್ರತಾ ಠೇವಣಿ ಮಳೆಗಾಲಕ್ಕೆ ಮೊದಲು ಕೈಸೇರಿದರೆ ಸಾಕು, ಅನೇಕರು ನೆರವಿನ ಅರ್ಜಿಯನ್ನೇ ಹಾಕುವುದಿಲ್ಲ.

ಮರ ಕಡಿಯುವವರಿಗೆ ಸರ್ಕಾರದ ಹಣವೇ ಎಂದು ಪರಿಸರದ ಕಾಳಜಿಯುಳ್ಳವರು ಕೇಳುತ್ತಾರೆಂದು ನನಗೆ ಗೊತ್ತು. ರೈಲು, ರಸ್ತೆ, ವಿದ್ಯುತ್ ಮಾರ್ಗದ ಯೋಜನೆಗಳಿಂದ ಗೋವಾದ ಮೊಲ್ಲೆಮ್ ಕಾಡನ್ನು ಉಳಿಸಲು ದೀಪ ಹಚ್ಚಿ ಕುಳಿತ ಹುಡುಗ ಹುಡುಗಿಯರಲ್ಲಿ ನನ್ನ ಮಗಳೂ ಒಬ್ಬಳು, ಈ ಪ್ರಶ್ನೆಯನ್ನು ಮೊದಲು ಕೇಳಿದವಳೇ ಅವಳು. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ. ಪರವಾನಗಿ ಪಡೆದು ಹಗಲಿನಲ್ಲಿ ಕಡಿಯುವವನಿಗೆ ಕೆಲಸ ತಪ್ಪಿದಾಗ ರಾತ್ರಿ ಕಡಿಸುವವನು ಬಂದು ಅವನ ಗುಡಿಸಿಲಿನ ಮುಂದೆ ನಿಲ್ಲುತ್ತಾನೆ. ಇಲ್ಲ ಎಂದು ಹೇಳಿ ಕಳಿಸುವ ಶಕ್ತಿ ಅವನಿಗೆ ಇರಬೇಕಾದರೆ ಒಲೆ ಉರಿಯುತ್ತಿರಬೇಕು. ಕಳ್ಳ ನಾಟಾದ ಬಗ್ಗೆ ಗೋವಾದ ಅರಣ್ಯ ಇಲಾಖೆಗೆ ಹೆಚ್ಚು ಗೊತ್ತಿದೆ, ನಾನು ವಿಸ್ತರಿಸುವುದಿಲ್ಲ.

ಕರ್ನಾಟಕ ಸರ್ಕಾರದ ಹೊರನಾಡು ಕನ್ನಡಿಗರ ಕಾಳಜಿಯ ಬಗ್ಗೆ ರಾಜ್ಯೋತ್ಸವದ ವೇದಿಕೆಗಳಲ್ಲಿ ಕೇಳುತ್ತಿರುತ್ತೇನೆ. ಕನ್ನಡ ಭವನ ಬೇಡವೆನ್ನುವುದಿಲ್ಲ. ಉತ್ತರ ಕನ್ನಡ, ಧಾರವಾಡ, ಬೆಳಗಾವಿ ಜಿಲ್ಲೆಗಳ ಕಾರ್ಮಿಕ ಅಧಿಕಾರಿಗಳು ವರ್ಷಕ್ಕೊಮ್ಮೆ, ದಸರಾಕ್ಕೆ ಮುನ್ನ, ಗೋವಾಕ್ಕೆ ಇಳಿಯುವ ತಂಡಗಳ ಹೆಸರು ಬರೆದು ಇಲ್ಲಿನ ಕಾರ್ಮಿಕ ಆಯುಕ್ತರಿಗೆ ಒಂದು ಪ್ರತಿ ಕಳಿಸಿದರೆ, ನಾನು ಕೇಳುತ್ತಿರುವ ನೋಂದಣಿಯ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಉಳಿದ ಅರ್ಧಕ್ಕೆ ಪುರಾವೆ ಎಲ್ಲಿ ಎಂಬ ಪ್ರಶ್ನೆ ನಿಮ್ಮ ಅಧಿಕಾರಿಗಳಿಂದ ಖಂಡಿತ ಬರುತ್ತದೆ. ಸಾಮಿಲ್ಲುಗಳಲ್ಲಿ ನನ್ನಂಥ ಗುಮಾಸ್ತರ ಬಳಿ ಖಾಸಗಿ ಹಾಜರಿ ಪುಸ್ತಕಗಳಿವೆ. ಯಾವ ಕಾನೂನಿಗೂ ಅವು ಬೇಕಾಗಿರಲಿಲ್ಲ. ಶನಿವಾರದ ಬಟವಾಡೆಗೆ ಜಗಳವಾಗದಿರಲೆಂದು ಬರೆದಿಟ್ಟದ್ದು. ಯಾರು, ಯಾವ ದಿನ, ಯಾವ ತೋಟ, ಎಷ್ಟು ಘನ ಅಡಿ ಎಂದು ಅವುಗಳಲ್ಲಿದೆ. ಅರಣ್ಯ ಇಲಾಖೆಯ ಪಾಸಿನ ದಿನಾಂಕಗಳನ್ನು ಅವುಗಳ ಪಕ್ಕದಲ್ಲಿಟ್ಟು ತಾಳೆ ನೋಡಿದರೆ ಸುಳ್ಳು ಹೆಸರು ಸೇರಿಸಲು ಬರುವುದಿಲ್ಲ, ಏಕೆಂದರೆ ಮೂವತ್ತು ವರ್ಷಗಳ ಹಿಂದೆ ಬರೆಯುವಾಗ ಈ ದಿನ ಬರುತ್ತದೆಂದು ನಮಗೂ ತಿಳಿದಿರಲಿಲ್ಲ. ಇಂಥ ಪುಸ್ತಕಗಳನ್ನು ಪುರಾವೆಯಾಗಿ ಸ್ವೀಕರಿಸುವ ಒಂದು ಸುತ್ತೋಲೆ ಹೊರಡಿಸಿ, ಫೋಂಡಾ, ಸಾಂಗೆ, ಮಡಗಾಂವ್, ಮಾಪುಸಾಗಳಲ್ಲಿ ತಲಾ ಒಂದು ವಾರ ನೋಂದಣಿ ಶಿಬಿರ ನಡೆಸಿ. ನೆರವಿನ ಮೊತ್ತ ಎಷ್ಟೆಂಬ ಚರ್ಚೆ ಅದರ ನಂತರ ನಡೆಯಲಿ.

ಮರಾಠಿ ಪ್ರತಿಯೊಂದಿಗೆ ನನ್ನ ಪುಸ್ತಕದಿಂದ ಕಳೆದ ಐದು ಹಂಗಾಮುಗಳ ಹೆಸರುಗಳನ್ನು ತೆಗೆದು ಪಟ್ಟಿ ಮಾಡಿ ಲಗತ್ತಿಸಿದ್ದೇನೆ. ಎದುರಿನ ಕಾಲಮ್ಮಿನಲ್ಲಿ ಊರು, ತಾಲೂಕು, ದುಡಿದ ದಿನಗಳನ್ನು ಬರೆದಿದ್ದೇನೆ. ಎರಡು ಹೆಸರುಗಳ ಮುಂದೆ ಊರಿನ ಜಾಗ ಖಾಲಿ ಬಿಟ್ಟಿದೆ. ಅವರು ಒಡಿಶಾದ ಕಡೆಯವರು, ಹಳ್ಳಿಯ ಹೆಸರನ್ನು ನಾನು ಸರಿಯಾಗಿ ಕೇಳಿ ಬರೆದುಕೊಂಡಿರಲಿಲ್ಲ. ಈ ದಸರಾ ಕಳೆದ ಮೇಲೆ ಅವರು ಮತ್ತೆ ಬಂದರೆ ಕೇಳಿ, ತುಂಬಿಸಿ, ತಿದ್ದಿದ ಪ್ರತಿಯನ್ನು ಪರ್ವರಿಗೆ ತಂದುಕೊಡುತ್ತೇನೆ.

ತಮ್ಮ ವಿಶ್ವಾಸಿ,
ಅಳತೆ ಗುಮಾಸ್ತ,
ಫೋಂಡಾ, ಗೋವಾ